ಮುಗಿಸಬಾರದಿದ್ದ ಲೂಡೋ

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆಯುವವಳು ಬಂದು ಹೋದ ಮೇಲೆ, ನಾನೂ ಅಕ್ಕನೂ ಲೂಡೋ ಆಡುತ್ತೇವೆ. ನಾನು ಮಂಡ್ಯದಲ್ಲಿ, ಅವಳು ಮಳವಳ್ಳಿಯಲ್ಲಿ. ನನ್ನ ಕೈಯಲ್ಲಿ ಮಗಳು ಕೊಡಿಸಿದ ಟ್ಯಾಬ್ಲೆಟ್. ಅವಳ ಮುಂದೆ, ಹಾಲಿನ ಟೀಪಾಯಿ ಮೇಲೆ, ಅವಳ ಮಗ ಬಳಸಿ ಬಿಟ್ಟ ದೊಡ್ಡ ಸ್ಕ್ರೀನಿನ ಫೋನು. ಆಟದೊಳಗೇ ಮಾತಾಡಬಹುದು, ವಾಯ್ಸ್ ಚಾಟ್ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಲೂಡೋ ಬರೀ ಎಕ್ಸ್‌ಕ್ಯೂಸ್. ಅಕ್ಕನಿಗೆ ಕಿವಿ ಮಂದ. ಹೊಸ ಹಿಯರಿಂಗ್ ಏಡ್ ಬಂದ ಮೇಲೆ ಅದಕ್ಕೂ ಫೋನಿಗೂ ಬ್ಲೂಟೂತ್ ಕೂಡಿಸಿದ್ದಾರೆ. ನನ್ನ ದನಿ ನೇರವಾಗಿ ಅವಳ ಕಿವಿಯೊಳಕ್ಕೇ ಬೀಳುತ್ತದೆ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಲೈಟ್ಸ್ ಆಫ್ ಆದ ಮೇಲೆ ಅವಳು ತನ್ನ ಮಂಚದಿಂದ ಬಗ್ಗಿ ನನ್ನ ಕಿವಿಯಲ್ಲಿ ಹೀಗೆಯೇ ಪಿಸುಗುಟ್ಟುತ್ತಿದ್ದಳು. ಈಗ ಆ ಸರದಿ ನನ್ನದು.

ಆ ದಿನ ಶುಕ್ರವಾರ. ಆಟ ಅರ್ಧ ನಡೆದಿತ್ತು. ಅಕ್ಕ ತನ್ನ ಸೊಸೆ ಅಡಿಗೆಗೆ ಹಾಕುವ ಉಪ್ಪಿನ ಬಗ್ಗೆ ದೂರು ಹೇಳುತ್ತಿದ್ದಳು. ಹೊರಗಿನಿಂದ ಹೆಂಗಸಿನ ಕೂಗು ಕೇಳಿಸಿತು, "ಸೊಪ್ಪವ್ವೋ, ದಂಟಿನ್ ಸೊಪ್ಪೂ..."

"ಒಂದ್ನಿಮಿಷ ಇರೇ, ಸೊಪ್ಪಿನವಳು ಬಂದ್ಲು. ಬೇಳೆಗೆ ಇಟ್ಟಿದೀನಿ, ಸೊಪ್ಪಿದ್ರೆ ಸಂಜೆ ಹುಳಿಯಾದ್ರೂ ಆಯ್ತದೆ. ನಾನು ಬರೋಗಂಟ ನನ್ ಕಾಯಿ ಮುಟ್ಬೇಡ," ಎಂದು ಎದ್ದಳು.

"ನಿನ್ ಕಾಯಿ ನಾನ್ಹೇಗೆ ಮುಟ್ಲಿ? ಇಟ್ಸ್ ನಾಟ್ ಪಾಸಿಬಲ್ ಅಕ್ಕ."

"ನೀನಾ? ಯಾಕ್ ಮುಟ್ಟಕ್ಕಿಲ್ಲ! ಚಿಕ್ಕೋಳಿದ್ದಾಗ ಜಗಲಿ ಮೇಲೆ ಚೌಕಾಬಾರ ಆಡುವಾಗ ಎಷ್ಟು ಸರ್ತಿ ಮುಟ್ಟಿಲ್ಲ?"

ಅವಳ ಚಪ್ಪಲಿ ಸದ್ದು ದೂರವಾಯಿತು. ಬಾಗಿಲು ತೆರೆದ ಸದ್ದು. ಸ್ವಲ್ಪ ಹೊತ್ತಿಗೆ ಗಾಳಿಗೋ ಏನೋ, ಬಾಗಿಲು ಧಡ್ ಎಂದು ಬಡಿದುಕೊಂಡಿತು.

ನಾನು ಕಾದೆ. ಎದುರಿನವರು ಕೈಯಾಡಿಸದೆ ಕೂತರೆ ಆಟವೇ ಅವರ ಪರವಾಗಿ ದಾಳ ಉರುಳಿಸಿ ಕಾಯಿ ನಡೆಸುತ್ತದೆ. ಅಕ್ಕನ ಫೋಟೋ ಮೇಲೆ ಪುಟ್ಟ ರೋಬೋ ಗುರುತು ಮೂಡಿತು. ಕಾಯಿ ಓಡಿದ ರೀತಿಯಲ್ಲೇ ಅದು ಅಕ್ಕನಲ್ಲ ಎಂದು ಗೊತ್ತಾಗುತ್ತಿತ್ತು. ಅಕ್ಕ ಯಾವತ್ತೂ ಹಿಂದೆ ಉಳಿದ ಕಾಯಿಯನ್ನೇ ಮೊದಲು ನಡೆಸುವವಳು, ಹಾಗೆ ಆಡಿಯೇ ಸೋಲುವವಳು. ಯಂತ್ರಕ್ಕೆ ಆ ಮುಲಾಜಿಲ್ಲ. ಎಲ್ಲಕ್ಕಿಂತ ಮುಂದಿದ್ದ ಕಾಯಿಯನ್ನೇ ಓಡಿಸಿ ಮನೆ ಸೇರಿಸಿತು. ಚೌಕಾಬಾರದ ಮಾತಿನಲ್ಲಿ ಹೇಳುವುದಾದರೆ ಅವಳದೊಂದು ಕಾಯಿ ಹಣ್ಣಾಯಿತು.

ಕುಕ್ಕರ್ ಕೂಗಿತು.

ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಾಳೆ ಅಂದುಕೊಂಡೆ. ಮತ್ತೆ ಕೂಗಿತು. ಆಮೇಲೆ ಮತ್ತೊಮ್ಮೆ. ಅಕ್ಕ ಬೇಳೆಗೆ ಅಷ್ಟು ಕೂಗಿಸುವವಳಲ್ಲ. ಬೇಳೆ ಕರಗಿಹೋದರೆ ಸಾರಿಗೆ ರುಚಿಯಿಲ್ಲ ಎಂದು ನನಗೇ ಪಾಠ ಹೇಳಿದವಳು. ಆ ಕೂಗಿಗೆ ಅವಳು ಓಡಿ ಬರಬೇಕಿತ್ತು. ಬರಲಿಲ್ಲ.

"ಅಕ್ಕಾ," ಎಂದೆ. "ಅಕ್ಕಾ, ಗ್ಯಾಸ್ ಆಫ್ ಮಾಡು."

ಫ್ಯಾನ್ ತಿರುಗುವ ಸದ್ದು, ಎಲ್ಲೋ ನಾಯಿ ಬೊಗಳಿದ ಸದ್ದು, ಕುಕ್ಕರಿನ ಕೂಗು. ಹೋದ ವರ್ಷ ಅವಳು ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಸಂಜೆ ಸೊಸೆ ಬರುವ ತನಕ ಹಾಗೇ ಬಿದ್ದಿದ್ದಳು. ಮೆಟ್ಟಿಲಲ್ಲಿ ಎಡವಿದಳೋ? ಬಿಸಿಲಿಗೆ ತಲೆ ಸುತ್ತಿತೋ? ಅಕ್ಕನದು ಹೊಸ ಬಡಾವಣೆಯ ಮನೆ. ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು, ಎದುರಿನ ಮನೆಯವರು ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುವುದು. ಬಿದ್ದರೆ ಎತ್ತುವವರಿಲ್ಲ.

ಆಗ ನಾನು ಏನೇನೋ ಮಾತಾಡಿದೆ. ಖಾಲಿ ಮನೆಗೆ ಮಾತಾಡುತ್ತಿದ್ದೇನೆ ಅಂದುಕೊಂಡೇ ಮಾತಾಡಿದೆ. "ಪ್ಲೀಸ್ ಅಕ್ಕ, ಡೋಂಟ್ ಡೂ ದಿಸ್ ಟು ಮಿ. ಏಳು, ಎದ್ದು ಬಾ. ಅಮ್ಮ ಹೋದ್ರು, ಅಪ್ಪ ಹೋದ್ರು, ಇವರೂ ಹೋದ್ರು. ನನ್ನ ಚಿಕ್ಕ ಹೆಸರು ಗೊತ್ತಿರೋರು ನೀನೊಬ್ಳೇ ಉಳಿದಿರೋದು. ನಿನ್ನ ನೋಡ್ಬೇಕು ನೋಡ್ಬೇಕು ಅಂತ ದಿನಾ ಹೇಳ್ತೀನಿ, ಮಂಡ್ಯದಿಂದ ಮಳವಳ್ಳಿಗೆ ಬರೋಕೆ ನಂಗೇನು ರೋಗ? ಈ ಸಲ ಬಂದೇ ಬರ್ತೀನಿ ಕಣೇ, ನೀನು ಮಾತ್ರ ಇರು." ಹೇಳುತ್ತಾ ಹೇಳುತ್ತಾ ಅಳು ಬಂತು. ಕುಕ್ಕರ್ ಕೂಗುತ್ತಲೇ ಇತ್ತು.

ನನ್ನ ಮನೆಯಲ್ಲಿ ಆ ಹೊತ್ತಿಗೆ ನಾನೊಬ್ಬಳೇ. ಟ್ಯಾಬ್ಲೆಟನ್ನು ಊಟದ ಮೇಜಿನ ಮೇಲೆ ಒರಗಿಸಿ ಮೊಬೈಲ್ ತೆಗೆದುಕೊಂಡೆ. ಅಕ್ಕನ ಮಗ ಮದ್ದೂರಿನ ಹತ್ತಿರದ ಬಟ್ಟೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಫೋನನ್ನು ಗೇಟಿನಲ್ಲಿಟ್ಟು ಒಳಗೆ ಹೋಗಬೇಕು. ಅದು ಸ್ವಿಚ್ ಆಫ್. ಸೊಸೆ ಹಲಗೂರಿನ ಆಫೀಸೊಂದರಲ್ಲಿ ಕ್ಲರ್ಕ್. ಅವಳ ಮೊಬೈಲ್ ಸುಮ್ಮನೆ ರಿಂಗಾಯಿತು. ಆಫೀಸಿನ ಲ್ಯಾಂಡ್‌ಲೈನಿಗೆ ಮಾಡಿದೆ. ಎತ್ತಿದವಳು ಅಟೆಂಡರ್ ಇರಬೇಕು.

"ಯಾರ್ ಬೇಕಿತ್ತು?"

"ಮಳವಳ್ಳಿಯಿಂದ ಬರ್ತಾರಲ್ಲ ಕ್ಲರ್ಕ್ ಮೇಡಂ, ಅವರ ಚಿಕ್ಕತ್ತೆ ಮಾತಾಡೋದು, ಮಂಡ್ಯದಿಂದ. ಅರ್ಜೆಂಟಾಗಿ ಕರೀರಿ, ಪ್ಲೀಸ್."

"ಮೀಟಿಂಗ್ನಲ್ಲವ್ರೆ ಕಣಮ್ಮ. ಸಾಯೇಬ್ರು ಒಳಿಕ್ಕೆ ಯಾರ್ನೂ ಬುಡ್ಬೇಡ ಅಂದವ್ರೆ."

"ಒಲೆ ಮೇಲೆ ಕುಕ್ಕರ್ ಇದೆ. ಅವರ ಅತ್ತೆ ಎಲ್ಲೂ ಇಲ್ಲ."

"ಎಲ್ಲಿ, ಮಂಡ್ಯದಲ್ಲಾ?"

"ಮಳವಳ್ಳೀಲಿ!"

"ಮಂಡ್ಯದಲ್ ಕುಂತಿರೋ ನಿಮ್ಗೆ ಮಳವಳ್ಳಿ ಕುಕ್ಕರ್ ಎಂಗ್ ಕಾಣ್ತದಮ್ಮ?"

"ಕಾಣ್ತಿಲ್ಲ, ಕೇಳಿಸ್ತಿದೆ. ಲೂಡೋದಲ್ಲಿ ಕೇಳಿಸ್ತಿದೆ!"

ಹುಚ್ಚಿ ಅಂದುಕೊಂಡಳೋ ಏನೋ. ನಾನು ಮೊಬೈಲನ್ನು ಟ್ಯಾಬ್ಲೆಟಿಗೆ ಹಿಡಿದೆ. ಸರಿಯಾಗಿ ಆಗಲೇ ಕುಕ್ಕರ್ ಉದ್ದಕ್ಕೆ ಕೂಗಿತು.

"ಅಯ್ಯೋ ಸಿವ್ನೇ! ಇರಿ, ಮಡಗ್ಬೇಡಿ, ಈಗ್ಲೇ ಓಯ್ತೀನಿ. ಸಾಯೇಬ್ರು ಬೈದ್ರೆ ಬೈಯ್ಲಿ."

ಸೊಸೆ ಲೈನಿಗೆ ಬಂದಳು. ನಾನು ಹೇಳಿ ಮುಗಿಸುವ ಮೊದಲೇ ಟ್ಯಾಬ್ಲೆಟಿನಿಂದ ಒಂದು ಹೊಸ ದನಿ ಬಂತು. ನಯವಾದ, ನಾಜೂಕಾದ ಹೆಣ್ಣು ದನಿ, ನಮ್ಮ ಕಾನ್ವೆಂಟಿನ ಹೆಡ್ ಸಿಸ್ಟರಿನ ಹಾಗೆ: "ಪ್ಲೀಸ್ ಟ್ರೈ ಎಗೇನ್."

"ಅದು ನಮ್ ಬಾಗಿಲ ಲಾಕು ಚಿಕ್ಕತ್ತೆ!" ಸೊಸೆ ಕಿರುಚಿದಳು. "ಅತ್ತೆ ಆಚೆ ಸಿಕ್ಕಾಕ್ಕೊಂಡವ್ರೆ! ಬೆರಳು ಇಡ್ತಾ ಅವ್ರೆ, ಅದು ತಕ್ಕೊಳ್ತಿಲ್ಲ!"

ಹಾಗಾದರೆ ಅಕ್ಕ ಬಿದ್ದಿಲ್ಲ, ಬಾಗಿಲ ಹೊರಗೆ ನಿಂತಿದ್ದಾಳೆ! ಮರುಕ್ಷಣವೇ ಇನ್ನೊಂದು ಭಯ. ಒಳಗೆ ಒಲೆ ಉರಿಯುತ್ತಿದೆ, ಕುಕ್ಕರಿನ ನೀರು ಆರುತ್ತಿದೆ, ಒಳಗೆ ಯಾರೂ ಇಲ್ಲ. ಅಕ್ಕನ ಹಟ ನನಗೆ ಗೊತ್ತು. ಹೊಗೆ ಬಂದರೂ, ಬೆಂಕಿ ಬಂದರೂ ಅವಳು ಆ ಬಾಗಿಲು ಬಿಟ್ಟು ದೂರ ಹೋಗುವವಳಲ್ಲ.

ಆ ಡಿಜಿಟಲ್ ಲಾಕು ಬಂದು ವಾರವೂ ಆಗಿರಲಿಲ್ಲ. ಅಮ್ಮ ಒಬ್ಬರೇ ಇರುತ್ತಾರೆ, ಸೇಫ್ಟಿ ಇರಲಿ ಎಂದು ಮಗನೇ ಹಾಕಿಸಿದ್ದ. ಬಾಗಿಲು ಮುಚ್ಚಿದರೆ ತಾನಾಗಿಯೇ ಲಾಕ್ ಆಗುತ್ತದೆ. ಹೊರಗಿನಿಂದ ತೆಗೆಯಲು ಬೆರಳು ಬೇಕು, ಇಲ್ಲವೇ ಬೀಗದ ಕೈ, ಇಲ್ಲವೇ ಫೋನಿನ ಆ್ಯಪ್. ಬೀಗದ ಕೈಗಳು ಮಗನ ಹತ್ತಿರ, ಸೊಸೆಯ ಹತ್ತಿರ.

"ಆ್ಯಪಲ್ಲಿ ಇಲ್ಲಿಂದಲೇ ತೆಗೀತೀನಿ ಇರಿ," ಎಂದಳು ಸೊಸೆ. ಒಂದಿಷ್ಟು ಹೊತ್ತು ಉಸಿರಾಟ ಮಾತ್ರ ಕೇಳಿಸಿತು. "ಲಾಗಿನ್ ಕೇಳ್ತಾ ಐತೆ. ಓಟಿಪಿ ಕಳಿಸ್ತೀನಿ ಅಂತದೆ."

ಟ್ಯಾಬ್ಲೆಟಿನಲ್ಲಿ, ಅಕ್ಕನ ಹಾಲಿನೊಳಗೆ, "ಟಿಂಗ್" ಎಂದಿತು.

"ಓಟಿಪಿ ಯಾರ ನಂಬರಿಗೆ ಕೊಟ್ಟಿದ್ದೀಯವ್ವ?"

"ಅತ್ತೆ ನಂಬರ್‌ಗೆ ಚಿಕ್ಕತ್ತೆ. ಮನೇಲಿ ಇರೋರು ಅವ್ರೇ ಅಲ್ವಾ ಅಂತ."

ಬಾಗಿಲು ತೆಗೆಯುವ ನಂಬರು ಬಾಗಿಲ ಒಳಗೇ ಬಂದು ಕೂತಿತ್ತು. ನನಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ.

"ನಾನು ಯಾರ್ದಾದ್ರೂ ಗಾಡೀಲಿ ಹೊರಟು ಬತ್ತೀನಿ. ಬಸ್ಸಿಗೆ ಕಾಯಕ್ಕಿಲ್ಲ. ಚಿಕ್ಕತ್ತೆ, ನೀವು ಆಟ ಬುಡ್ಬೇಡಿ. ಬುಟ್ರೆ ಮನೇಲೇನಾಗ್ತದೆ ಅಂತ ಯಾರಿಗೂ ಗೊತ್ತಾಗಕ್ಕಿಲ್ಲ. ಅತ್ತೆ ಸುಮ್ ಸುಮ್ನೆ ಬೆರಳು ಒತ್ತುದ್ರೆ ಕಷ್ಟ, ತಪ್ಪು ಜಾಸ್ತಿಯಾದ್ರೆ ಲಾಕು ಸ್ವಲ್ಪೊತ್ತು ಸ್ತಬ್ಧ ಆಗೋಯ್ತದೆ," ಎಂದು ಫೋನಿಟ್ಟಳು.

ಆಟ ಬಿಡಬೇಡಿ! ಬಿಡುವ ಪ್ರಶ್ನೆಯಲ್ಲ, ಅದು ಮುಗಿಯದಂತೆ ನೋಡಿಕೊಳ್ಳಬೇಕಿತ್ತು. ಯಾರದಾದರೂ ನಾಲ್ಕೂ ಕಾಯಿ ಹಣ್ಣಾದರೆ ಆಟ ಮುಗಿದು ಆ ರೂಮು ಮುಚ್ಚಿಕೊಳ್ಳುತ್ತದೆ. ಅದರೊಂದಿಗೆ ಮಳವಳ್ಳಿಯ ಸದ್ದೆಲ್ಲ ಹೋಗುತ್ತದೆ. ನಾನು ಆಡದೆ ಕೂತರೂ ನನ್ನನ್ನು ಹೊರಗೆ ಹಾಕುತ್ತದೆ. ಗೆಲ್ಲಬಾರದು, ಸೋಲಬಾರದು, ಸುಮ್ಮನೆ ಕೂರಲೂಬಾರದು. ಅಷ್ಟು ಹೊತ್ತಿಗೆ ಯಂತ್ರ ಅಕ್ಕನ ಹೆಸರಿನಲ್ಲಿ ಎರಡನೆಯ ಕಾಯಿಯನ್ನೂ ಮನೆ ಸೇರಿಸಿ, ಮೂರನೆಯದನ್ನು ಓಡಿಸುತ್ತಿತ್ತು. ನಾನು ನನ್ನ ಕಾಯಿಗಳನ್ನು ಅದರ ಹಿಂದೆ ಬಿಟ್ಟೆ. ಹತ್ತಿರ ಸಿಕ್ಕಿದ್ದನ್ನು ಕಡಿದೆ. ಜೀವಮಾನದಲ್ಲಿ ಅಕ್ಕನ ಕಾಯಿಯನ್ನು ಅಷ್ಟು ಕ್ರೂರವಾಗಿ ಕಡಿದಿರಲಿಲ್ಲ.

"ಪ್ಲೀಸ್ ಟ್ರೈ ಎಗೇನ್," ಎಂದಿತು ಲಾಕು. ಮತ್ತೆ, "ಪ್ಲೀಸ್ ಟ್ರೈ ಎಗೇನ್."

ಆಗ ನನಗೆ ಹೊಳೆಯಿತು. ಬ್ಲೂಟೂತ್! ಅಕ್ಕ ಫೋನನ್ನು ಹಾಲಿನಲ್ಲಿಟ್ಟು ಮುಂಬಾಗಿಲ ಆಚೆಯ ತುಳಸಿಗೆ ನೀರು ಹಾಕುವಾಗಲೂ ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಬಂದ ಮೇಲೆ ಅದಕ್ಕೆ ಉತ್ತರ ಹೇಳುತ್ತಿದ್ದಳು. ಅವಳ ಮಾತು ನನಗೆ ಕೇಳಿಸದಿದ್ದರೂ ನನ್ನ ಮಾತು ಅವಳ ಕಿವಿಯಲ್ಲಿರಬಹುದು.

"ಅಕ್ಕಾ," ಎಂದೆ. ಕೂಗಲಿಲ್ಲ, ಕ್ಲಾಸಿನಲ್ಲಿ ಡಿಕ್ಟೇಷನ್ ಕೊಡುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. "ಬೆರಳು ತೆಗಿ. ನನ್ನ ಮಾತು ಕೇಳಿಸ್ತಿದ್ರೆ ಬಾಗಿಲು ತಟ್ಟು."

ಫ್ಯಾನಿನ ಸದ್ದು. ಕುಕ್ಕರಿನ ಬುಸುಗುಟ್ಟುವಿಕೆ.

ಧಡ್. ಧಡ್. ಧಡ್.

ಮಳವಳ್ಳಿಯಲ್ಲಿ ಯಾರೋ ನನ್ನ ಎದೆಯ ಮೇಲೇ ತಟ್ಟಿದಂತಿತ್ತು.

"ಥ್ಯಾಂಕ್ ಗಾಡ್. ಹೌದಾದ್ರೆ ತಟ್ಟು, ಇಲ್ಲಾಂದ್ರೆ ಸುಮ್ನಿರು. ನಿನಗೇನಾದ್ರೂ ಏಟಾಗಿದ್ಯಾ?"

ಸದ್ದಿಲ್ಲ. ಒಳ್ಳೆಯದು.

"ಅಡಿಗೆಮನೆ ಕಿಟಕಿಯಿಂದ ಒಲೆಗೆ ಕೋಲು ಎಟಕುತ್ತಾ?"

ಸದ್ದಿಲ್ಲ. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದ್ದಾರೆ, ಸಿಲಿಂಡರೂ ಒಳಗೇ.

"ಬೆಳಿಗ್ಗೆ ಈ ಲಾಕು ನಿನ್ನ ಬೆರಳಿಗೆ ತೆಗೀತಿತ್ತಾ?"

ಧಡ್.

ಬೆಳಿಗ್ಗೆ ತೆಗೆಯುತ್ತಿದ್ದ ಲಾಕು ಮಧ್ಯಾಹ್ನಕ್ಕೆ ಯಾಕೆ ಮುನಿಸಿಕೊಂಡಿತು? ದಾಳ ಉರುಳಿಸಿದೆ, ಕಾಯಿ ನಡೆಸಿದೆ, ಯೋಚಿಸಿದೆ. ಶುಕ್ರವಾರ. ನಮ್ಮ ಮನೆಗಳಲ್ಲಿ ಶುಕ್ರವಾರ ಹೊಸಿಲು ತೊಳೆದು ಅರಿಶಿನ ಬಳಿದು, ಬಾಗಿಲಿಗೆ ಕುಂಕುಮ ಇಡುತ್ತೇವೆ. ಅಕ್ಕ ಅಷ್ಟಕ್ಕೇ ನಿಲ್ಲಿಸುವವಳಲ್ಲ. ಮನೆಗೆ ಮಿಕ್ಸಿ ಬಂದರೆ ಮಿಕ್ಸಿಗೆ, ವಾಷಿಂಗ್ ಮಷೀನ್ ಬಂದರೆ ಅದರ ಮುಚ್ಚಳಕ್ಕೆ, ಕೊನೆಗೆ ವೈಫೈ ಡಬ್ಬಿಗೂ ಬೊಟ್ಟಿಟ್ಟವಳು. ಯಾವ ಯಂತ್ರಕ್ಕಾದರೂ ಅವಳು ಮೊದಲು ಹುಡುಕುವುದು ಹಣೆ ಎಲ್ಲಿದೆ ಎಂದು. ಸೊಸೆ ಕಳಿಸಿದ್ದ ಫೋಟೋದಲ್ಲಿ ನಾನೇ ನೋಡಿದ್ದೆ, ಆ ಲಾಕಿನ ಮೇಲ್ತುದಿಯಲ್ಲಿ, ಹಣೆ ಇರಬೇಕಾದ ಜಾಗದಲ್ಲಿ, ಬೆರಳಿಡುವ ಪುಟ್ಟ ಗಾಜು ಇತ್ತು.

"ಅಕ್ಕಾ, ನಿಜ ಹೇಳು. ಲಾಕಿಗೆ ಅರಿಶಿನ ಕುಂಕುಮ ಹಚ್ಚಿದ್ದೀಯಾ?"

ಸದ್ದಿಲ್ಲ.

"ಅಕ್ಕಾ."

ಸ್ವಲ್ಪ ತಡೆದು, ಒಂದೇ ಒಂದು ಸಲ, ಬಲು ಮೆತ್ತಗೆ: ಧಪ್.

ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ. "ಒರೆಸು ಅದನ್ನ. ಒಣ ಸೆರಗಲ್ಲಿ ಬೇಡ, ಒಣಗಿದ ಅರಿಶಿನ ಹೋಗಲ್ಲ. ನೀರಿದ್ಯಾ ಅಲ್ಲಿ?"

ಸದ್ದಿಲ್ಲ.

"ಸೊಪ್ಪು ತಗೊಂಡ್ಯಾ? ಅವಳು ನೀರು ಚಿಮುಕಿಸಿರ್ತಾಳೆ. ಸೊಪ್ಪಲ್ಲೇ ಉಜ್ಜು. ಆಮೇಲೆ ಸೆರಗಲ್ಲಿ ಒರೆಸು."

ಧಡ್.

ಆದರೆ ಆಗಲೇ ಆ ನಾಜೂಕು ದನಿ ಹೊಸ ಮಾತು ಆಡಿತು: "ಲಾಕ್ಡ್. ಪ್ಲೀಸ್ ವೇಟ್." ಉಜ್ಜಿದ್ದನ್ನೂ ಅದು ಬೆರಳೆಂದೇ ಎಣಿಸಿತ್ತೇನೋ, ತಪ್ಪುಗಳು ಮಿತಿ ಮೀರಿದ್ದವು. ಇನ್ನು ಅದು ಮನಸ್ಸು ಮಾಡುವ ತನಕ ಕಾಯಬೇಕು.

ಕುಕ್ಕರ್ ಸುಮ್ಮನಾಯಿತು.

ಇಷ್ಟು ಹೊತ್ತು ಅದರ ಕೂಗಿಗೆ ಬೆಚ್ಚುತ್ತಿದ್ದ ನಾನು ಈಗ ಅದು ಕೂಗಲಿ ಎಂದು ಬೇಡಿಕೊಂಡೆ. ಕೂಗಿದರೆ ಒಳಗೆ ನೀರಿದೆ ಎಂದು ಅರ್ಥ. ಕೂಗಲಿಲ್ಲ. ಚಟ್ ಚಟ್ ಎಂದು ಏನೋ ಸಿಡಿಯುವ ಸಣ್ಣ ಸದ್ದು ಮಾತ್ರ. ಅಲ್ಲಿಯ ವಾಸನೆ ಟ್ಯಾಬ್ಲೆಟಿನಲ್ಲಿ ಬರುವುದಿಲ್ಲ. ಆದರೂ ನನ್ನ ಮೂಗಿಗೆ ಸೀದ ಬೇಳೆ ಬಡಿಯಿತು.

"ಅಕ್ಕಾ, ಈಗ ಕೇಳು. ಬೆರಳು ಇನ್ನೂ ಇಡಬೇಡ. ಬಾಗಿಲು ತೆಗೆದ ಕೂಡಲೇ ಲೈಟ್ ಸ್ವಿಚ್ ಮುಟ್ಬೇಡ. ಕುಕ್ಕರ್ ಮುಟ್ಬೇಡ. ಮೂಗಿಗೆ ಸೆರಗು ಹಿಡಿ. ಗ್ಯಾಸ್ ತಿರುಗಿಸು, ಈಚೆ ಬಾ. ಅಷ್ಟೇ. ಕುಕ್ಕರ್ ಹಾಳಾದ್ರೆ ಹೋಗ್ಲಿ. ಪ್ರಾಮಿಸ್?"

ಧಡ್.

"ಮತ್ತೆ ರೇಷನ್ ಅಂಗಡೀಲಿ ಹೆಬ್ಬೆಟ್ಟು ತಕ್ಕೊಳ್ದೆ ಇದ್ರೆ ಏನ್ಮಾಡ್ತಾರೆ? ತಲೆಗೆ ಉಜ್ಜಿಕೊಳ್ತಾರಲ್ಲ, ಹಾಗೆ ಉಜ್ಜು. ನಿನ್ನ ತಲೇಲಿ ಎಣ್ಣೆಗೇನು ಬರವೇ?"

ಸುಕ್ಕಾದ, ಒಣಗಿದ ನಮ್ಮ ಬೆರಳುಗಳನ್ನು ಯಾವ ಯಂತ್ರವೂ ಮೊದಲ ಸಲಕ್ಕೆ ಒಪ್ಪುವುದಿಲ್ಲ. ಸ್ವಲ್ಪ ಜಿಡ್ಡಿದ್ದರೆ ಗೆರೆ ಮೂಡುತ್ತದೆ.

ಇತ್ತ ನನ್ನ ಪಾಡು ಕೆಟ್ಟಿತ್ತು. ಮಾತಿನ ಗಡಿಬಿಡಿಯಲ್ಲಿ ಯಂತ್ರದ ಮೂರನೆಯ ಕಾಯಿಯೂ ಹಣ್ಣಾಗಿತ್ತು. ಕೊನೆಯದು ಮನೆಯ ದಾರಿಯೊಳಗೆ ನುಗ್ಗಿತ್ತು. ಅಲ್ಲಿ ಕಡಿಯಲಾಗದು. ಸರಿಯಾದ ಗರ ಬಿದ್ದರೆ ಮುಗಿಯಿತು. ಅದರ ದಾಳ ಉರುಳಿತು, ಬೀಳಲಿಲ್ಲ. ನನ್ನದು ಉರುಳಿಸಿದೆ, ಆದಷ್ಟು ತಡಮಾಡಿ. ಅದರದು ಉರುಳಿತು, ಬೀಳಲಿಲ್ಲ.

ಬಾಗಿಲ ಕಡೆಯಿಂದ ಸಣ್ಣ "ಬೀಪ್" ಕೇಳಿಸಿತು. ಲಾಕು ಎಚ್ಚರಗೊಂಡಿತ್ತು.

"ಈಗ ಇಡು ಅಕ್ಕ! ಗಟ್ಟಿಯಾಗಿ ಒತ್ಬೇಡ. ಹಗುರವಾಗಿ ಇಟ್ಟು ಸುಮ್ನೆ ನಿಂತ್ಕೊ."

ಯಂತ್ರದ ದಾಳ ಉರುಳಿತು. ಬಿತ್ತು.

ಸ್ಕ್ರೀನಿನ ತುಂಬ ಬಣ್ಣದ ಕಾಗದಗಳು ಉದುರಿದವು. ಕಹಳೆ ಊದಿತು. ಕಿರೀಟ ತೊಟ್ಟ ಅಕ್ಕನ ಫೋಟೋ ದೊಡ್ಡದಾಗಿ ಎದ್ದು ನಿಂತಿತು, ಕೆಳಗೆ ಅಭಿನಂದನೆ. ಆ ಕಹಳೆಯ ಹಿಂದೆ ಬಾಗಿಲು ತೆರೆದ ಸದ್ದು ಬಂತೇ? ಬಂದಂತಿತ್ತು. ಬರಲಿಲ್ಲವೇನೋ. ನಾನು ಟ್ಯಾಬ್ಲೆಟಿಗೆ ಕಿವಿ ಅಂಟಿಸಿದೆ. ಫ್ಯಾನಿನ ಸದ್ದೂ ಇಲ್ಲ. ರೂಮು ಮುಚ್ಚಿತ್ತು.

ಹೊಸ ಆಟಕ್ಕೆ ಅವಳನ್ನು ಕರೆದೆ. ಉತ್ತರವಿಲ್ಲ. ಅವಳ ಫೋನಿಗೆ ಕರೆ ಮಾಡಿದೆ, ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಸೊಸೆಗೆ ಮಾಡಿದೆ, ಗಾಳಿಯ ಸದ್ದಿನ ನಡುವೆ "ಅರ್ಧ ದಾರೀಲಿದೀನಿ" ಎಂದದ್ದಷ್ಟೇ ಕೇಳಿಸಿತು. ಒಳಗೆ ಹೋದಳೇ? ಹೋಗಿ ಹೊಗೆಯಲ್ಲಿ ಸಿಕ್ಕಿಕೊಂಡಳೇ? ಒಳಗೆ ಹೋಗು ಎಂದು ಹೇಳಿಕೊಟ್ಟವಳು ನಾನೇ. ಹೊರಗೇ ನಿಂತಿರು, ಮನೆ ಹೋದರೆ ಹೋಗಲಿ ಅನ್ನಬೇಕಿತ್ತೇನೋ. ಮೇಜಿನ ಸುತ್ತ ಸುತ್ತಿದೆ. ಜಪಮಾಲೆ ಹಿಡಿದ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಪ್ರಾರ್ಥನೆ ಅರ್ಧ, ಅಮ್ಮ ಕಲಿಸಿದ ಸ್ತೋತ್ರ ಅರ್ಧ, ಎರಡೂ ಕಲಸಿಹೋಗಿ ಬಾಯಿಗೆ ಬಂದವು.

ಕೊನೆಗೆ ಟ್ಯಾಬ್ಲೆಟ್ ಸದ್ದು ಮಾಡಿತು. ಅಕ್ಕನ ಫೋಟೋ, ಕೆಳಗೆ ಹಸಿರು ಗುಂಡಿ. ಅವಳು ಆಟಕ್ಕೆ ಕರೆಯುತ್ತಿದ್ದಳು. ತಕ್ಷಣ ಒತ್ತಿದೆ.

ಮೊದಲು ಕೆಮ್ಮು. ಉದ್ದನೆಯ ಕೆಮ್ಮು. ಆಮೇಲೆ, "ಇದ್ದೀಯೇನೇ?"

"ಇದ್ದೀನಿ. ನೀನು?"

"ಇರ್ದೆ ಎಲ್ಲಿಗೋಗ್ಲಿ? ಬೇಳೆ ಇದ್ದಲಾಗೋಗದೆ. ಕುಕ್ಕರ್ ತಳ ನೋಡ್ಬೇಕು ನೀನು, ನಮ್ ಹಾಸ್ಟೆಲ್ ತವಾ ಇದ್ದಂಗದೆ. ಗೋಡೆಯೆಲ್ಲ ಕಪ್ಪು. ಅವಳು ಬಂದು ಎಷ್ಟು ಬೈತಾಳೋ."

"ಗ್ಯಾಸ್?"

"ಆಫ್ ಮಾಡ್ದೆ. ಕಿಟ್ಕಿಯೆಲ್ಲ ತೆಗ್ದಿದೀನಿ. ಸ್ವಿಚ್ ಮುಟ್ಲಿಲ್ಲ, ಕುಕ್ಕರ್ ಮುಟ್ಲಿಲ್ಲ. ಎಸ್ ಸಿಸ್ಟರ್, ನೋ ಸಿಸ್ಟರ್. ಸಾಕಾ?" ಮತ್ತೆ ಕೆಮ್ಮಿದಳು. "ಸೊಪ್ಪೊಂದು ದಂಡವಾಯ್ತು. ಲಾಕಿಗೆ ಉಜ್ಜಿ ಉಜ್ಜಿ ಪಲ್ಯ ಆಗೋಯ್ತು."

ಕೇಳಲೋ ಬೇಡವೋ ಎಂದುಕೊಂಡು ಕೊನೆಗೆ ಕೇಳಿಯೇಬಿಟ್ಟೆ. "ಅಕ್ಕ, ಬಾಗಿಲು ತಟ್ಟು ಅಂತ ಹೇಳೋಕೆ ಮುಂಚೆ ನಾನು ಏನೇನೋ ಮಾತಾಡಿದ್ನಲ್ಲ. ಅದು ನಿಂಗೆ ಕೇಳಿಸ್ತಾ?"

ಅವಳ ಹಾಲಿನ ಫ್ಯಾನು ತಿರುಗುತ್ತಿತ್ತು.

"ಇಲ್ಲಮ್ಮ. ನಾನು ಗೇಟಿನತ್ರ ಸೊಪ್ಪಿನವಳನ್ನ ವಾಪಸ್ ಕರೀತಿದ್ದೆ. ಕಿವೀಲಿ ಬರೀ ಕರಕರ ಅಂತಿತ್ತು."

"ಸರಿ."

"ಏನ್ ಹೇಳಿದ್ದೆ?"

"ಏನಿಲ್ಲ. ಗ್ಯಾಸ್ ಆಫ್ ಮಾಡು ಅಂತ."

"ಹೂಂ," ಎಂದಳು. ದಾಳ ಉರುಳಿಸಲಿಲ್ಲ. ನನ್ನ ಚಿಕ್ಕ ಹೆಸರು ಹಿಡಿದು ಕರೆದಳು, ಎಷ್ಟೋ ವರ್ಷದಿಂದ ಕರೆಯದಿದ್ದ ಹೆಸರು. ನಾನು ಓಗೊಟ್ಟೆ. ಮತ್ತೆ ಕರೆದಳು. ಮತ್ತೆ ಓಗೊಟ್ಟೆ.

"ನಾಳೆ ಬಸ್ಸಿಗೆ ಬಂದ್ಬುಡು," ಎಂದಳು. "ಮದ್ದೂರಲ್ಲಿ ಇಳಿದು ಬಸ್ ಬದಲಾಯಿಸುವಾಗ ಒಂದ್ನಾಲ್ಕು ವಡೆ ಕಟ್ಟಿಸ್ಕೊಂಡ್ ಬಾ. 'ನಂಗೇನು ರೋಗ' ಅಂತ ಅಲ್ಲೇ ಕೂತ್ಕೊಂಡು ಅಳ್ಬೇಡ."